ಒಂದು ಗಂಟೆಯ ದ್ವೀಪ

ಆ ಆಟವನ್ನು ನಾನು ಒಟ್ಟು ಮೂವತ್ತೊಂದು ಸಲ ಆಡಿದ್ದೇನೆ. ಹದಿನಾಲ್ಕು ಸಲ ಗೆಳೆಯನ ಜೊತೆ, ಉಳಿದದ್ದು ಒಬ್ಬನೇ. ಹದಿನಾಲ್ಕನೆಯ ಸಲ ಆಡುತ್ತಿದ್ದಾಗ ಅವನ ಅಪ್ಪ ತಮ್ಮ ಮನೆಯಲ್ಲಿ ಕುಸಿದು ಬಿದ್ದರು. ಆ ಮಧ್ಯಾಹ್ನದ ಬಗ್ಗೆ ಅವನು ನನ್ನನ್ನು ಆಮೇಲೆ ಒಂದು ಪ್ರಶ್ನೆ ಕೇಳಿದ. ನಾನು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿಕೊಂಡೇ ಅವನು ನಾಲ್ಕು ತಿಂಗಳು ನಿದ್ದೆ ಮಾಡಿದ.

ಆಗ ನಾವು ಎರಡನೇ ಪಿಯುಸಿ. ನಮ್ಮ ಮನೆ ಹನುಮಂತನಗರದಲ್ಲಿ, ಅವನದು ಶ್ರೀನಗರದಲ್ಲಿ. ನಡೆದರೆ ಒಂಬತ್ತು ನಿಮಿಷ. ನಮ್ಮ ಮನೆಗೆ ಕಂಪ್ಯೂಟರ್ ಹೊಸದಾಗಿ ಬಂದಿತ್ತು. ಕಂಪ್ಯೂಟರ್ ಪತ್ರಿಕೆಗಳ ಜೊತೆ ಆ ಕಾಲದಲ್ಲಿ ಒಂದು ಸಿ.ಡಿ. ಬರುತ್ತಿತ್ತು. ಅದರಲ್ಲಿ ಪೂರ್ತಿ ಆಟಗಳಿರುತ್ತಿರಲಿಲ್ಲ, ರುಚಿ ನೋಡುವಷ್ಟು ತುಂಡುಗಳಿರುತ್ತಿದ್ದವು. ಡೆಮೊ ಎನ್ನುತ್ತಿದ್ದರು. ಒಂದು ತಿಂಗಳ ಸಿ.ಡಿ.ಯಲ್ಲಿ ಈ ದ್ವೀಪ ಇತ್ತು.

ಅದುವರೆಗೆ ನಾನು ಆಡಿದ ಆಟಗಳೆಲ್ಲ ಓಣಿಗಳಿದ್ದ ಹಾಗೆ. ಮುಂದೆ ಹೋಗಬೇಕು, ಎದುರು ಬಂದವರನ್ನು ಹೊಡೆಯಬೇಕು, ಬಾಗಿಲು ತೆರೆಯಬೇಕು. ಇಲ್ಲಿ ಒಂದು ದೋಣಿ ನಮ್ಮನ್ನು ದಡಕ್ಕೆ ಬಿಟ್ಟು ಹೊರಟುಹೋಯಿತು, ಅಷ್ಟೆ. ಎತ್ತ ಹೋಗಬೇಕೆಂದು ಯಾರೂ ಹೇಳಲಿಲ್ಲ. ಎದುರಿಗೆ ಹುಲ್ಲು, ಹುಲ್ಲಿನಾಚೆ ಹಳ್ಳಿ, ಹಳ್ಳಿಯ ಹಿಂದೆ ಕಾಡು, ಕಾಡಿನ ಮೇಲೆ ಒಂದು ಗುಡ್ಡ, ಗುಡ್ಡದ ತುದಿಯಲ್ಲಿ ಮುರಿದ ಗೋಪುರ. ಏನು ಮಾಡಬೇಕೆಂದು ತಿಳಿಯದೆ ನಾನು ಸುಮ್ಮನೆ ನಿಂತೆ. ಬೇರೆ ಆಟಗಳಲ್ಲಿ ಹಾಗೆ ನಿಂತರೆ ಎಲ್ಲವೂ ನಿಂತಿರುತ್ತದೆ, ನಮಗಾಗಿ ಕಾಯುತ್ತದೆ. ಇಲ್ಲಿ ಯಾವುದೂ ಕಾಯಲಿಲ್ಲ. ಹಳ್ಳಿಯಲ್ಲಿ ಒಬ್ಬ ಹೆಂಗಸು ಅಂಗಳ ಗುಡಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೋಡದ ನೆರಳು ಹುಲ್ಲಿನ ಮೇಲೆ ಹಾದುಹೋಯಿತು. ನಾನು ಇದ್ದರೂ ಇಲ್ಲದಿದ್ದರೂ ಇದೆಲ್ಲ ನಡೆಯುತ್ತದೆ ಅನ್ನಿಸಿತು.

ಡೆಮೊ ಸರಿಯಾಗಿ ಒಂದು ಗಂಟೆ ಮಾತ್ರ ನಡೆಯುತ್ತಿತ್ತು. ಅರವತ್ತನೆಯ ನಿಮಿಷಕ್ಕೆ ಎಲ್ಲಿದ್ದರೆ ಅಲ್ಲೇ ಪರದೆ ಬೂದಿ ಬಣ್ಣಕ್ಕೆ ತಿರುಗಿ ಆರಿಹೋಗುತ್ತಿತ್ತು. ಉಳಿಸಿಟ್ಟುಕೊಳ್ಳುವ ಅವಕಾಶ ಇರಲಿಲ್ಲ. ಮತ್ತೆ ಶುರು ಮಾಡಿದರೆ ಅದೇ ದೋಣಿ, ಅದೇ ಬೆಳಗ್ಗೆ. ಹಿಂದಿನ ಸಲ ತೋಳದ ಬಾಯಿಂದ ನಾವು ಬಿಡಿಸಿದ್ದ ಮುದುಕ ನಮ್ಮನ್ನು ನೋಡಿ ಯಾರು ನೀನು ಎನ್ನುತ್ತಿದ್ದ. ನಡುವೆ ನಿಲ್ಲಿಸಿ ಎದ್ದುಹೋದರೂ ಆ ಗಂಟೆ ಓಡುತ್ತಲೇ ಇರುತ್ತಿತ್ತು. ಅದನ್ನೂ ನಾನು ಎರಡು ಸಲ ಪರೀಕ್ಷೆ ಮಾಡಿ ಬರೆದಿಟ್ಟಿದ್ದೆ.

ಬರೆದಿಡುವುದು ನನ್ನ ಅಭ್ಯಾಸ. ದಿನಚರಿಯಲ್ಲಿ ಆಟಕ್ಕೆಂದೇ ಗೆರೆ ಎಳೆದಿದ್ದೆ: ವಾರ, ಶುರುವಾದ ಹೊತ್ತು, ಎಷ್ಟು ಸಲ ಸತ್ತೆವು, ಎಲ್ಲಿಯವರೆಗೆ ತಲುಪಿದೆವು, ಇತರೆ. ಗೆಳೆಯನಿಗೆ ಅದನ್ನು ಕಂಡರೆ ನಗು.

"ಲೋ ಶಾನುಭೋಗ, ತೋಳ ಕಚ್ಚಿದ್ದು ಬಲಗಾಲಿಗೆ. ಅದನ್ನೂ ಬರ್ಕೋ."

"ನೀನು ಸಮುದ್ರ ನೋಡ್ತಾ ನಿಂತು ಏಳು ನಿಮಿಷ ದಂಡ ಮಾಡ್ದೆ. ಅದನ್ನ ಬರ್ದಿದೀನಿ."

"ಸಖತ್ತಾಗಿದೆ ಮಗಾ ಸಮುದ್ರ. ನೋಡ್ದೇ ಹೋಗೋಕೆ ಇದೇನು ಆಫೀಸಾ?"

ಆಡುತ್ತಿದ್ದವನು ಅವನು, ಪಕ್ಕದಲ್ಲಿ ಕೂತು ಹೊತ್ತು ನೋಡುತ್ತಿದ್ದವನು ನಾನು. ನಮ್ಮ ಗುರಿ ಒಂದೇ: ಗಂಟೆ ಮುಗಿಯುವುದರೊಳಗೆ ಆ ಗೋಪುರ ತಲುಪಬೇಕು, ಆಚೆ ಬದಿಯಲ್ಲಿ ಏನಿದೆ ನೋಡಬೇಕು. ಹದಿಮೂರು ಸಲ ಆಗಿರಲಿಲ್ಲ.

ಈಗ ಫೋನಿನ ವಿಷಯ ಹೇಳಬೇಕು. ಆಗ ನಮ್ಮಂಥ ಮನೆಗಳಲ್ಲಿ ಎಲ್ಲಕ್ಕೂ ಫೋನ್ ಎತ್ತುತ್ತಿರಲಿಲ್ಲ. ಎತ್ತಿದರೆ ಕರೆ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ "ರಿಂಗ್ ಕೊಡುವುದು" ಅಂತ ಒಂದು ಪದ್ಧತಿ. ಒಂದು ರಿಂಗ್ ಬಂದು ನಿಂತರೆ ಕ್ಷೇಮವಾಗಿ ತಲುಪಿದೆವು ಎಂದು ಅರ್ಥ. ಎರಡು ಬಂದು ನಿಂತರೆ ಕಾಫಿ ಆಗಿದೆ, ಮನೆಗೆ ಬಾ. ಬಿಡದೆ ಹೊಡೆದುಕೊಂಡರೆ ಮಾತ್ರ ಎತ್ತಬೇಕು. ಗೆಳೆಯನ ಅಪ್ಪ ಈ ವಿಷಯದಲ್ಲಿ ಬಲು ಶಿಸ್ತಿನವರು. ಅವರ ಎರಡು ರಿಂಗ್ ನಮ್ಮ ಮನೆಯವರಿಗೆಲ್ಲ ಗುರುತು.

ನವೆಂಬರಿನ ಒಂದು ಭಾನುವಾರ. ಅವನ ಅಮ್ಮ ವಸಂತಪುರದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಅಪ್ಪ ಒಬ್ಬರೇ ಮನೆಯಲ್ಲಿದ್ದರು. ನಾವು ಮೂರು ನಲವತ್ತಕ್ಕೆ ಆಟ ಶುರು ಮಾಡಿದೆವು. ಅವತ್ತು ಎಲ್ಲವೂ ಸರಿಹೋಯಿತು. ತೋಳಗಳು ಅಡ್ಡ ಬರಲಿಲ್ಲ, ಅವನು ಸಮುದ್ರ ನೋಡುತ್ತ ನಿಲ್ಲಲಿಲ್ಲ. ನಾಲ್ಕು ಹತ್ತಕ್ಕೆ ಕಾಡಿನ ಸೇತುವೆ ದಾಟುತ್ತಿದ್ದೆವು. ನಮ್ಮ ಹಾಲ್‌ನಲ್ಲಿ ಫೋನ್ ಎರಡು ಸಲ ಹೊಡೆದುಕೊಂಡು ನಿಂತಿತು.

"ನಿಮ್ಮಪ್ಪ. ಕಾಫಿ," ಎಂದೆ.

"ಅಪ್ಪಾನೇ ಕಾಫಿ ಮಾಡಿದಾರಾ? ಅದನ್ನ ಕುಡಿಯೋಕೆ ಧೈರ್ಯ ಬೇಕು ಗುರು," ಎಂದು ನಕ್ಕ. "ಎಷ್ಟಿದೆ ಟೈಮು?"

"ಮೂವತ್ತು ನಿಮಿಷ."

"ಮುಗಿಸ್ಕೊಂಡೇ ಹೋಗ್ತೀನಿ."

ಗುಡ್ಡದ ಮೇಲೆ ಗಾಳಿಯ ಸದ್ದು ಚೆನ್ನಾಗಿರುತ್ತದೆಂದು ಅವನು ಹೆಡ್‌ಫೋನ್ ಹಾಕಿಕೊಂಡ. ನಾಲ್ಕು ಇಪ್ಪತ್ತೊಂದಕ್ಕೆ ಫೋನ್ ಮತ್ತೆ ಹೊಡೆದುಕೊಂಡಿತು. ಎರಡು ರಿಂಗ್, ನಿಂತಿತು. ಅವನಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಹೇಳಿದರೆ ಎದ್ದುಬಿಡುತ್ತಾನೆ ಅನ್ನಿಸಿತು, ಹೇಳಲಿಲ್ಲ. ಇತರೆ ಎಂಬ ಕಡೆ ಬರೆದುಕೊಂಡೆ: ಫೋನ್, ೪-೧೦, ೪-೨೧.

ನಾಲ್ಕು ಮೂವತ್ತಮೂರಕ್ಕೆ ಗೋಪುರ ತಲುಪಿದೆವು. ಆಚೆ ಬದಿಯಲ್ಲಿ ಏನೂ ಇರುವುದಿಲ್ಲ, ದ್ವೀಪ ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಮಂಜು ಸರಿದಾಗ ಕೆಳಗೆ ಇನ್ನೊಂದು ಕಣಿವೆಯೇ ಇತ್ತು. ನದಿ, ಗದ್ದೆ, ಹೊಗೆಯಾಡುವ ಮಾಡುಗಳು. ಆಟದಲ್ಲಿ ಸಂಜೆಯಾಗುತ್ತಿತ್ತು. ಒಂದೊಂದೇ ಮನೆಯಲ್ಲಿ ದೀಪ ಹತ್ತಿತು. ಇಳಿಯಲು ಹೋದರೆ ಕಾಣದ ಗೋಡೆಯೊಂದು ತಡೆಯುತ್ತಿತ್ತು. ಏಳು ನಿಮಿಷ ಇಬ್ಬರೂ ನೋಡುತ್ತಲೇ ಇದ್ದೆವು. ಆಮೇಲೆ ಬೂದಿ ಬಣ್ಣ.

ಅವನು ನಾಲ್ಕು ಐವತ್ತರ ಸುಮಾರಿಗೆ ಮನೆ ಸೇರಿದಾಗ ಅಪ್ಪ ಹಾಲ್‌ನ ನೆಲದ ಮೇಲೆ ಬಿದ್ದಿದ್ದರು. ಸ್ಟ್ರೋಕ್. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಸ್ವಲ್ಪ ಮುಂಚೆ ಕರೆದುಕೊಂಡು ಬಂದಿದ್ದರೆ ಎಂದು ಶುರು ಮಾಡಿದ ಡಾಕ್ಟರು ಅವನ ಮುಖ ನೋಡಿ ಮಾತು ನಿಲ್ಲಿಸಿದರಂತೆ.

ಮೂರನೆಯ ದಿನ ಆಸ್ಪತ್ರೆಯ ಹೊರಗೆ ಎಳನೀರು ಗಾಡಿಯ ಪಕ್ಕ ನಿಂತಿದ್ದಾಗ ಅವನು ಕೇಳಿದ: "ನಮ್ಮನೇಲಿ ಫೋನು ಸರಿಯಾಗಿ ಇಟ್ಟಿತ್ತು ಕಣೋ. ಮೇಲೆ ಕ್ರೋಷಾ ಬಟ್ಟೇನೂ ಮುಚ್ಚಿತ್ತು. ಅಂದ್ರೆ ಕಾಫಿಗೇ ಕರೆದಿದ್ದು. ಮೈ ಸರಿ ಇಲ್ದೇ ಇದ್ದಿದ್ರೆ ಇನ್ನೊಂದ್ಸಲ ಮಾಡ್ತಿದ್ರು ಅಲ್ವಾ? ಒಂದೇ ಸಲ ತಾನೇ ಬಂದಿದ್ದು? ನೀನು ಬರ್ದಿರ್ತೀಯಲ್ಲ."

"ಒಂದೇ ಸಲ," ಎಂದೆ.

ಅವನು ಎಳನೀರಿನ ಬುರುಡೆ ಒಡೆಸಿ ಒಳಗಿನ ಗಂಜಿ ತಿಂದ. ಮೂರು ದಿನದಲ್ಲಿ ಅವನು ತಿಂದದ್ದು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ನಾನು ಒಬ್ಬನೇ ಆಡತೊಡಗಿದೆ. ಆಡುವ ಆಸೆಯಿಂದಲ್ಲ. ಮೊದಲ ರಿಂಗ್ ಬಂದದ್ದು ಆಟದ ಮೂವತ್ತನೆಯ ನಿಮಿಷಕ್ಕೆ. ಅದಕ್ಕಿಂತ ಮುಂಚೆ ಗೋಪುರ ತಲುಪುವುದು ಸಾಧ್ಯವಿತ್ತೇ? ತಲುಪಿದ್ದರೆ ಅವನು ಎರಡು ರಿಂಗಿಗೆ ಎದ್ದು ಹೋಗುತ್ತಿದ್ದ. ಇದನ್ನು ತಿಳಿಯದೆ ಬೇರೆ ಯಾವುದನ್ನೂ ಓದಲಾಗುತ್ತಿರಲಿಲ್ಲ. ಹಳ್ಳಿಯನ್ನು ಬಳಸಿ ಹೋದೆ, ಮುದುಕನನ್ನು ತೋಳಗಳಿಗೆ ಬಿಟ್ಟು ಹೋದೆ. ನಲವತ್ತಾರು ನಿಮಿಷ, ನಲವತ್ತೊಂದು, ಮೂವತ್ತೇಳು. ಹೆಡ್‌ಫೋನ್ ಹಾಕಿಕೊಂಡರೆ ಗಾಳಿಯ ಸದ್ದಿನ ಹಿಂದೆ ಫೋನ್ ಕೇಳಿಸುತ್ತಿತ್ತು. ಎದ್ದು ಹಾಲ್‌ಗೆ ಹೋದರೆ ಅಮ್ಮ ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದಳು.

"ಫೋನ್ ಬಂತಾ?"

"ಇಲ್ವಲ್ಲೋ. ಎಷ್ಟು ಸಲ ಕೇಳ್ತೀಯ? ಕಿವಿಗೇನಾಗಿದೆ ನಿಂಗೆ?"

ಮಾರ್ಚ್ ತಿಂಗಳಲ್ಲಿ, ಪರೀಕ್ಷೆಗೆ ವಾರವಿರುವಾಗ, ಇಪ್ಪತ್ತೊಂಬತ್ತು ನಿಮಿಷಕ್ಕೆ ತಲುಪಿದೆ. ಗೋಪುರದ ಮೇಲೆ ಬೆಳಗಿನ ಬಿಸಿಲು. ಕಣಿವೆಯಲ್ಲಿ ದೀಪಗಳಿರಲಿಲ್ಲ. ಅಷ್ಟು ಬೇಗ ಬಂದರೆ ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಇನ್ನೂ ಮೂವತ್ತೊಂದು ನಿಮಿಷ ಬಾಕಿಯಿತ್ತು. ಆಟವನ್ನು ಕಂಪ್ಯೂಟರಿನಿಂದ ಅಳಿಸಿ ಹಾಕಿ, ಚಪ್ಪಲಿ ಮೆಟ್ಟಿ ಶ್ರೀನಗರಕ್ಕೆ ಹೋದೆ.

ಅವನು ಗೇಟಿನ ಹತ್ತಿರವೇ ಸಿಕ್ಕಿದ. ಅಪ್ಪನ ಔಷಧಿ ತರಲು ಹೊರಟಿದ್ದ. ಜೊತೆಯಲ್ಲಿ ನಡೆಯುತ್ತ ಹೇಳಿದೆ.

"ಮಗಾ, ಅವತ್ತು ಫೋನ್ ಎರಡು ಸಲ ಬಂತು."

ಅವನು ನಿಂತ. "ಎಷ್ಟೊತ್ತಿಗೆ?"

"ನಾಲ್ಕು ಹತ್ತಕ್ಕೆ ಒಂದು. ನಾಲ್ಕು ಇಪ್ಪತ್ತೊಂದಕ್ಕೆ ಒಂದು. ನಿಂಗೆ ಕೇಳಿಸ್ಲಿಲ್ಲ. ನಂಗೆ ಕೇಳಿಸ್ತು."

"ಅದೂ ಎರಡೇ ರಿಂಗಾ?"

"ಎರಡೇ."

ಅವನು ಔಷಧಿ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಹೊಡೆಯುತ್ತಾನೆ ಎಂದುಕೊಂಡೆ.

"ಅಂದ್ರೆ ನಾಲ್ಕು ಇಪ್ಪತ್ತೊಂದಕ್ಕೆ ಅಪ್ಪ ಇನ್ನೂ ನಿಂತಿದ್ರು," ಎಂದ. "ಕಾಫಿಗೇ ಕರೆದಿದ್ದು ಅಂತ ಎಲ್ಲರ ಹತ್ರ ಹೇಳ್ತಿದ್ದೆ. ಒಳಗೆ ಮಾತ್ರ, ನಾಲ್ಕು ಹತ್ತಕ್ಕೇ ಬಿದ್ರು, ನಾನು ಬರೋವರೆಗೂ ನೆಲದ ಮೇಲೇ ಇದ್ರು ಅಂತ ಅನ್ನಿಸ್ತಾ ಇತ್ತು. ಅದ್ರಲ್ಲಿ ಹನ್ನೊಂದು ನಿಮಿಷ ಕಮ್ಮಿ ಆಯ್ತು."

"ಎತ್ತಿದ್ರೆ ಮಾತಾಡ್ತಿದ್ರೇನೋ."

"ಎರಡು ರಿಂಗಿಗೆ ಯಾರು ಎತ್ತುತ್ತಾರೋ? ನಾನೂ ಎತ್ತುತ್ತಿರ್ಲಿಲ್ಲ. ಆದ್ರೆ ಎದ್ದು ಹೋಗ್ತಿದ್ದೆ." ಧ್ವನಿ ಏರಿರಲಿಲ್ಲ. "ಆಟದಲ್ಲಿ ಹೇಳ್ಲಿಲ್ಲ, ಬಿಡು. ಆಸ್ಪತ್ರೆ ಹತ್ರ ಕೇಳ್ದೆನಲ್ಲ, ಆಗ ಯಾಕೆ ಹೇಳ್ಲಿಲ್ಲ?"

ಅವನು ಔಷಧಿ ಅಂಗಡಿಗೆ ಹೋಗದೆ ಮನೆಯ ಕಡೆ ತಿರುಗಿದ.

"ಬಾ. ಅಪ್ಪಂಗೆ ನೀನೇ ಹೇಳು. ಮಾತು ಬರಲ್ಲ ಅಷ್ಟೆ, ಎಲ್ಲ ಅರ್ಥ ಆಗತ್ತೆ."

ಅಂಕಲ್ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ನಾನು ಅವರ ಎದುರು ನೆಲದ ಮೇಲೆ ಕೂತು ಎರಡೂ ಹೊತ್ತುಗಳನ್ನು ಹೇಳಿದೆ. ಎರಡನೆಯದನ್ನು ಮುಚ್ಚಿಟ್ಟವನು ನಾನು ಎಂದು ಹೇಳಿದೆ. "ತಪ್ಪಾಯ್ತು ಅಂಕಲ್" ಎಂದೆ. ಅವರು ನನ್ನನ್ನು ನೋಡಲಿಲ್ಲ, ಮಗನನ್ನು ನೋಡಿದರು. ಮುಖದ ಎಡಭಾಗ ನಿಧಾನಕ್ಕೆ ಮೇಲಕ್ಕೆ ಎಳೆದುಕೊಂಡಿತು, ಗಂಟಲಿನಿಂದ ಒಂದು ಸದ್ದು ಬಂತು. ಅತ್ತರೋ ನಕ್ಕರೋ ತಿಳಿಯಲಿಲ್ಲ. ಕಾಯಿಲೆಯಾದ ಮೇಲೆ ಅವರ ಮುಖದಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು. ಅವನಿಗಾದರೂ ತಿಳಿದಿರಬಹುದೆಂದು ಅವನ ಕಡೆ ನೋಡಿದೆ. ಅವನು ಟವೆಲಿನಿಂದ ಅಪ್ಪನ ಗಲ್ಲ ಒರೆಸುತ್ತಿದ್ದ.

"ಏನಂದ್ರು?" ಎಂದು ಕೇಳಿದೆ.

"ನಂಗೂ ಗೊತ್ತಾಗ್ಲಿಲ್ಲ," ಎಂದ. "ನೀನು ಹೊರಡು."