ಚುರುಮುರಿ ಕಾಕಾನ ಸೈಕಲ್ಲು

ಹೊಸ ಟಾಯರಿನ ರಬ್ಬರ್ ವಾಸನೆಗೆ ನನಗೆ ಚುರುಮುರಿ ನೆನಪಾಗುತ್ತದೆ ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಈ ಸಲ ದಸರೆ ರಜೆಗೆ ಹನುಮಸಾಗರದ ತವರುಮನೆಗೆ ಹೋದಾಗ ಪಡಸಾಲೆಯಲ್ಲಿ ಎರಡು ಹೊಸ ಸಣ್ಣ ಸೈಕಲ್ ನಿಂತಿದ್ದವು. ತಮ್ಮ ತನ್ನ ಇಬ್ಬರು ಮಕ್ಕಳಿಗೆ ತಂದಿದ್ದ. ಕಲಿಸಲು ಮಾತ್ರ ಅವನಿಗೆ ಪುರುಸೊತ್ತಿರಲಿಲ್ಲ. ನಾಲ್ಕು ದಿನದಲ್ಲಿ ನಾನೇ ಕಲಿಸುತ್ತೇನೆಂದು ಜಂಬ ಕೊಚ್ಚಿಕೊಂಡೆ. ಆ ವಾಸನೆಯ ಬೆನ್ನಿಗೇ ಚುರುಮುರಿ ಕಾಕಾ ನೆನಪಾದರು...

ನಮ್ಮ ಓಣಿಯ ಕೊನೆಯ ಮನೆ ಅವರದು. ಸೈಕಲ್ಲಿನ ಎರಡೂ ಬದಿಗೆ ಚುರುಮುರಿಯ ದೊಡ್ಡ ದೊಡ್ಡ ಚೀಲ ಕಟ್ಟಿಕೊಂಡು, ಹ್ಯಾಂಡಲ್ ಹಿಡಿದು ನೂಕುತ್ತ ಸುತ್ತಲಿನ ಸಂತೆಗಳಿಗೆ ನಡೆದೇ ಹೋಗುತ್ತಿದ್ದರು. ಓಣಿಯ ಮಕ್ಕಳಿಗೆಲ್ಲ ಸೈಕಲ್ ಕಲಿಸಿದವರೂ ಅವರೇ. ಮರುದಿನದ ಸಂತೆಗೆ ತುಂಬಿಟ್ಟ ಚೀಲಗಳಲ್ಲಿ ಎರಡನ್ನು ಸಂಜೆ ನಮ್ಮ ಕನ್ನಡ ಸಾಲಿ ಬಯಲಿಗೆ ತಂದು, ಕ್ಯಾರಿಯರ್‌ಗೆ ಆ ಕಡೆ ಒಂದು ಈ ಕಡೆ ಒಂದು ಬಿಗಿದು ನಮ್ಮನ್ನು ಹತ್ತಿಸುತ್ತಿದ್ದರು. ಎತ್ತ ಬಿದ್ದರೂ ಚುರುಮುರಿಯ ಮೇಲೆಯೇ. “ಬಿದ್ರ ಬೀಳವ್ವಾ, ಚೀಲ ಅದಾವ” ಅನ್ನುವುದು ಅವರ ಮಾತು. ನಾನು ವಾರವಿಡೀ ಬಿದ್ದೆ. ಒಮ್ಮೆ ಚೀಲ ಒಡೆದು ಊರ ಆಡುಗಳೆಲ್ಲ ಬಯಲಿಗೆ ಬಂದವು. ಆಗಲೂ ಕಾಕಾ ಬೈಯಲಿಲ್ಲ, ಸೂಜಿ ದಾರ ತೆಗೆದು ಹೊಲಿಯುತ್ತ ಕೂತರು.

ನನಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ತಮ್ಮನ ಮಗ, ಆರು ವರ್ಷದವನು, ಎರಡನೇ ದಿನಕ್ಕೇ ಗಂಟೆ ಬಾರಿಸುತ್ತ ಓಣಿ ಸುತ್ತಿದ. ಎಂಟು ವರ್ಷದ ಮಗಳು ಮಾತ್ರ ಹತ್ತಿದ ಕೂಡಲೇ ಎರಡೂ ಕಾಲು ನೆಲಕ್ಕೆ ಊರುತ್ತಿದ್ದಳು. ಸೀಟು ಎತ್ತರವಾಯಿತು, ಹ್ಯಾಂಡಲ್ ಸೊಟ್ಟಗಿದೆ, ನೆಲದಲ್ಲಿ ತಗ್ಗಿದೆ; ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಬಗ್ಗಿ ಬಗ್ಗಿ ನನ್ನ ಸೊಂಟ ಹೋಯಿತು. ಮೂರನೇ ದಿನ ಕಾಕಾನ ಉಪಾಯ ಮಾಡೋಣವೆಂದು ಎರಡು ಚೀಲ ಚುರುಮುರಿ ತರಿಸಿ ಕಟ್ಟಿದೆ. ಸೈಕಲ್ಲೇ ಗಿಡ್ಡ, ಚೀಲ ನೆಲಕ್ಕೆ ತಿಕ್ಕಿ ಒಂದು ಮಾರೂ ಮುಂದೆ ಹೋಗಲಿಲ್ಲ. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು. ಮರುದಿನ ಎರಡು ಹೊತ್ತೂ ಮನೆಯಲ್ಲಿ ಆ ಚುರುಮುರಿ ನೆನೆಸಿ ಒಗ್ಗರಣೆ ಹಾಕಿದ ಸೂಸಲ.

ನಾನು ಏಳನೇ ತರಗತಿಯಲ್ಲಿದ್ದಾಗ, ಸೈಕಲ್ ಚೆನ್ನಾಗಿ ರೂಢಿಯಾದ ಮೇಲೆ, ಕಾಕಾ ಒಂದು ದಿನ ನನ್ನನ್ನು ಬದಿಗೆ ಕರೆದರು. ತಮಗೇ ಸೈಕಲ್ ಹೊಡೆಯಲು ಬರುವುದಿಲ್ಲ ಎಂದರು. ನನ್ನನ್ನು ನಗಿಸಲು ಚಾಷ್ಟಿ ಮಾಡುತ್ತಿದ್ದಾರೆ ಅಂದುಕೊಂಡೆ. ಚೀಲಗಳ ನಡುವೆ ಕೂರಲು ಜಾಗವಿಲ್ಲದ್ದಕ್ಕೆ ನೂಕುತ್ತಾರೆಂದು ಊರೆಲ್ಲ ತಿಳಿದಿತ್ತು. ಮಾಲು ಖಾಲಿಯಾದ ಮೇಲೂ ನಡೆದೇ ಬರುತ್ತಾರಲ್ಲ ಎಂದು ಯಾರೂ ಯೋಚಿಸಿರಲಿಲ್ಲ.

“ಯಾರ ಮುಂದೂ ಹೇಳಬ್ಯಾಡವ್ವಾ. ನೀ ಹಿಡಕೊಂಡ್ರ ನಾನೂ ಒಮ್ಮಿ ಕೂತು ನೋಡ್ತೀನಿ” ಎಂದರು.

ಬೆಳಿಗ್ಗೆ ಬೇಗ, ಜನ ಓಡಾಡುವ ಮೊದಲೇ, ಸಾಲಿ ಹಿಂದೆ ಹೋಗುತ್ತಿದ್ದೆವು. ಆಗ ಚೀಲ ಕಟ್ಟುತ್ತಿರಲಿಲ್ಲ. ದೊಡ್ಡ ಮನುಷ್ಯ ಬಿದ್ದರೆ ಚೀಲ ತಡೆಯುವುದಿಲ್ಲ, ಮಾಲು ಮಣ್ಣಾಗುತ್ತದೆ ಎಂದಿದ್ದರು. ಅವರೂ ಹತ್ತಿದ ಕೂಡಲೇ ಎರಡೂ ಕಾಲು ಊರುತ್ತಿದ್ದರು. ಬಿಡಬ್ಯಾಡ, ಬಿಡಬ್ಯಾಡ ಎಂದು ಕೂಗುತ್ತಿದ್ದರು. ಅಷ್ಟು ಭಾರ ಹಿಡಿದು ನನ್ನ ಕೈ ಸೋಲುತ್ತಿತ್ತು, ಸಾಲಿಗೆ ಹೊತ್ತಾಗುತ್ತಿತ್ತು. ನನಗೋ ಆಗಲೂ ಮೂಗಿನ ತುದಿಯಲ್ಲೇ ಸಿಟ್ಟು. ಮೂರನೇ ಬೆಳಿಗ್ಗೆ “ಇಷ್ಟೂ ತಿಳಿಯಂಗಿಲ್ಲೇನು?” ಎಂದು ಒದರಿ, ಕೈ ಬಿಟ್ಟುಬಿಟ್ಟೆ.

ಗೋಡೆಯ ಪಕ್ಕ ಕಲ್ಲಿನ ಮೇಲೆ ಬಿದ್ದರು. ಮೊಣಕೈ ತರಚಿತ್ತು. ಎದ್ದು ಮೊದಲು ಹ್ಯಾಂಡಲ್ ನೆಟ್ಟಗೆ ಮಾಡಿದರು, ಆಮೇಲೆ ಧೋತರ ಝಾಡಿಸಿಕೊಂಡರು.

“ಇರಲಿ ಬಿಡವ್ವಾ. ನನಗ ನಡಕೋಂತ ಹೋಗೂದ ಛಲೋ.”

ಸೈಕಲ್ ನೂಕಿಕೊಂಡು ಹೋದರು. ನಾನು ಹಿಂದೆ ಹೋಗಲಿಲ್ಲ. ತಪ್ಪಾಯಿತು ಎನ್ನಬೇಕೆಂದು ಎಷ್ಟೋ ದಿನ ಅವರ ಬಾಗಿಲವರೆಗೆ ಹೋಗಿ ತಿರುಗಿ ಬಂದಿದ್ದೇನೆ... ಅವರು ಮತ್ತೆ ಕೇಳಲೂ ಇಲ್ಲ, ನನ್ನೊಡನೆ ನಗುವುದನ್ನು ನಿಲ್ಲಿಸಲೂ ಇಲ್ಲ. ನಾನು ಮದುವೆಯಾಗಿ ಊರು ಬಿಟ್ಟೆ. ಕಾಕಾ ಹೋದ ಸುದ್ದಿಯನ್ನು ಅವ್ವ ಫೋನಿನಲ್ಲಿ ಹೇಳಿದಳು. ಕೊನೆಯ ತನಕ ಸಂತೆಗೆ ನಡೆದೇ ಹೋಗುತ್ತಿದ್ದರಂತೆ.

ನಾಲ್ಕನೇ ದಿನ ಸಂಜೆ ಅದೇ ಬಯಲು. ಮರುದಿನ ನಾನು ಹೊರಡಬೇಕು. ಹುಡುಗಿ ಇಪ್ಪತ್ತನೇ ಸಲವೋ ಏನೋ ಕಾಲು ಊರಿದಳು.

“ಇಷ್ಟೂ ತಿಳಿಯಂಗಿಲ್ಲೇನು?”

ನನ್ನ ಬಾಯಿಂದಲೇ ಬಂದಿತ್ತು. ಅವಳು ಅಳಲಿಲ್ಲ. ಮೆಲ್ಲಗೆ ಇಳಿದು, ಹ್ಯಾಂಡಲ್ ನೆಟ್ಟಗೆ ಮಾಡಿ, ಸೈಕಲ್ ನೂಕಿಕೊಂಡು ಮನೆಯ ಕಡೆ ನಡೆದಳು. ಹಿಂದಿನಿಂದ ನೋಡಿದರೆ ಅದು ಕಾಕಾನದೇ ನಡಿಗೆ.

ಈ ಸಲ ಓಡಿದೆ. ಸೀಟು ಹಿಡಿದು ಹತ್ತು ಎಂದೆ. ನೀ ಬಿಡ್ತಿ ಎಂದಳು.

“ಬಿಡಂಗಿಲ್ಲವ್ವಾ. ಕಾಲ ಊರಿದ್ರೂ ಬಿಡಂಗಿಲ್ಲ.”

ಅವಳು ಹತ್ತಿದಳು. ಕತ್ತಲಾಗುವ ತನಕ ಬಯಲು ಸುತ್ತಿದೆವು. ಅವಳು ಕಾಲು ಊರುವುದನ್ನು ಬಿಡಲಿಲ್ಲ, ನಾನು ಸೀಟು ಬಿಡಲಿಲ್ಲ. ಸೈಕಲ್ ಅವಳಿಗೆ ಇನ್ನೂ ಬಂದಿಲ್ಲ; ದೀಪಾವಳಿಗೆ ಮತ್ತೆ ಹೋಗುತ್ತೇನೆ. ಕಾಕಾಗೂ ಇನ್ನೊಂದು ಬೆಳಿಗ್ಗೆ ಸೀಟು ಹಿಡಿಯಬಹುದಿತ್ತು. ಅವರ ಮನೆ ಎರಡೇ ಹೆಜ್ಜೆ ದೂರವಿತ್ತು, ಹಿಡಿಯಲಿಲ್ಲ.