ಬಲ್ಬಿನ ಬೀರು, ಅಕ್ಕನ ಡಿಸ್ಕು

ಇವತ್ತು ಬೆಳಿಗ್ಗೆ ರೇಷ್ಮೆ ಸೀರೆಯೊಂದನ್ನು ತೆಗೆಯಲು ಬಲ್ಬಿನ ಬೀರುವಿನ ಬಾಗಿಲು ತೆರೆದೆ. ಬೆಚ್ಚಗಿನ ಧೂಳು, ಕರ್ಪೂರ, ಹಳೆಯ ಜರಿ ಎಲ್ಲ ಬೆರೆತ ವಾಸನೆ ಮುಖಕ್ಕೆ ಬಡಿಯಿತು. ನೀವು ಮೂಡಿಗೆರೆ ಕಡೆಯವರಲ್ಲದಿದ್ದರೆ ಬಲ್ಬಿನ ಬೀರು ಎಂದರೇನೆಂದು ಹೇಳಬೇಕಾಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಮಾರ್ಕ್ಸ್ ಕಾರ್ಡಿಗೂ ಹಿಡಿಯುತ್ತದೆ. ಅದಕ್ಕೇ ಒಂದು ಬೀರುವಿನೊಳಗೆ ಬಲ್ಬು ಹಾಕಿ ಬಿಡುವಿಲ್ಲದೆ ಉರಿಸುತ್ತೇವೆ, ಬೆಳಕಿಗಲ್ಲ, ಕಾವಿಗೆ. ಮನೆಯಲ್ಲಿ ಹಾಳಾಗಬಾರದ್ದೆಲ್ಲ ಆ ಬೀರುವಿಗೆ ಸೇರುತ್ತದೆ.

ಸೀರೆಯ ಮಡಿಕೆಯಿಂದ ಡಿಸ್ಕೊಂದು ಜಾರಿ ಬಿತ್ತು. ನನ್ನ ಮದುವೆಯ ವಿಡಿಯೊ. ಅಂಚು ಸೊಟ್ಟಗಾಗಿದೆ, ಬೆನ್ನಿನ ಬೆಳ್ಳಿ ಬಣ್ಣ ಅಲ್ಲಲ್ಲಿ ಹಪ್ಪಳದಂತೆ ಎದ್ದಿದೆ. ಯಾವ ಕಂಪ್ಯೂಟರೂ ಇನ್ನು ಅದನ್ನು ಓದುವುದಿಲ್ಲ. ಎಸೆಯಲು ಮಾತ್ರ ಕೈ ಬರುವುದಿಲ್ಲ.

ಮದುವೆ ನನ್ನದಾದರೂ ಅದರಲ್ಲಿ ನನ್ನನ್ನು ನೋಡುವಂಥದ್ದೇನೂ ಇರಲಿಲ್ಲ. ಎರಡು ಗಂಟೆ ಕಾಲ ತಲೆ ತಗ್ಗಿಸಿ ಕೂತಿದ್ದೆ, ಯಾರದೋ ಕಳೆದ ವಸ್ತುವನ್ನು ನೆಲದಲ್ಲಿ ಹುಡುಕುತ್ತಿರುವವಳಂತೆ. ಡಿಸ್ಕಿನ ಜೀವವೆಲ್ಲ ಊಟದ ಪಂಕ್ತಿಯ ಹನ್ನೆರಡು ಸೆಕೆಂಡುಗಳಲ್ಲಿತ್ತು. ನನ್ನ ಅಕ್ಕ ಪಾಯಸದ ಸೌಟು ಹಿಡಿದು ಬರುತ್ತಾಳೆ. ಕ್ಯಾಮೆರಾ ತನ್ನ ಕಡೆ ತಿರುಗಿದ್ದು ಕಂಡು ಸೌಟನ್ನೇ ಎತ್ತುತ್ತಾಳೆ. "ಅಯ್ಯೋ, ನನ್ನನ್ನೇನ್ ತೆಗೀತೀಯ ಮಾರಾಯ? ಅಲ್ಲಿ ನಮ್ ಹುಡ್ಗಿ ಎಲೇಲಿ ಏನೂ ಇಲ್ಲ, ಅದನ್ನ ತೆಗಿ!" ಎಂದು ನಗುತ್ತಾಳೆ. ಅಷ್ಟೇ. ಅಕ್ಕ ತೀರಿಹೋದದ್ದು ನಾಲ್ಕು ವರ್ಷಗಳ ನಂತರ. ಫೋಟೋಗಳು ಬೇಕಾದಷ್ಟಿವೆ. ಅವಳ ದನಿ ಇದ್ದದ್ದು ಇದೊಂದರಲ್ಲಿ ಮಾತ್ರ.

ಬಾಳೂರಿನಲ್ಲಿ ಸಣ್ಣ ಕಾಫಿ ತೋಟ ಮಾಡಿಕೊಂಡಿರುವ ನನ್ನ ಭಾವ, ಅಕ್ಕನ ಗಂಡ, ಎರಡು ವರ್ಷ ಒಂಟಿಯಾಗಿದ್ದು ಹಿರಿಯರ ಒತ್ತಾಯಕ್ಕೆ ಇನ್ನೊಂದು ಮದುವೆಯಾದರು. ಆಮೇಲೆ ನಮ್ಮ ಮನೆಗೆ ಬರುವುದು ನಿಂತೇ ಹೋಯಿತು. ಜಗಳವೇನಿಲ್ಲ. ತೀರಿಹೋದ ಹೆಂಡತಿಯ ತಂಗಿಯ ಮನೆಗೆ ಏನೆಂದು ಹೇಳಿಕೊಂಡು ಬರುವುದು?

ನಾನು ಟೈಪಿಂಗ್ ಕಲಿಸುವವಳು. ಮನೆಗೆ ಕಂಪ್ಯೂಟರ್ ತಂದಾಗ ನಮ್ಮ ಬೀದಿಯಲ್ಲಿ ಭಾರೀ ತಿಳಿದವಳೆಂದು ಹೆಸರಾಯಿತು. ಬೆರಳಿಗೆ ಕೀಲಿಮಣೆ ಗೊತ್ತಿತ್ತು, ಉಳಿದದ್ದೆಲ್ಲ ದೇವರಿಗೇ ಗೊತ್ತು. ಆ ಹೆಸರು ಬಾಳೂರಿನವರೆಗೂ ಹೋಗಿರಬೇಕು. ಕಾಫಿ ಕೊಯ್ಲು ಮುಗಿದು ಗಿಡ ಹೂ ಬಿಡಿಸುವ ಹೂಮಳೆಗೆ ಕಾಯುವ ಬಿಡುವಿನಲ್ಲಿ ಭಾವ ಬಸ್ಸು ಹತ್ತಿ ಬಂದರು. ಕೈಯಲ್ಲಿ ಅವರ ಹೊಸ ಹೆಂಡತಿ ಕಟ್ಟಿಕೊಟ್ಟ ಕಾಳುಮೆಣಸಿನ ಪೊಟ್ಟಣ.

"ಆ ಮದ್ವೆ ಡಿಸ್ಕು ನಿನ್ ಮಷೀನಲ್ಲಿ ಬರ್ತದಾ?" ಎಂದು ಕೇಳಿದರು.

ಚಿತ್ರ ಬಂತು, ದನಿ ಬರಲಿಲ್ಲ. ಅಕ್ಕ ಸೌಟೆತ್ತಿ ಬಾಯಿ ಆಡಿಸಿ ಹೋದಳು.

"ಚಿತ್ರಕ್ಕೇನು, ಗೋಡೆ ಮೇಲೇ ಇದಾಳೆ. ಮಾತು ಬೇಕು ಮಾರಾಯ್ತಿ" ಎಂದರು ಭಾವ.

ಸ್ಪೀಕರಿನ ವೈರು ಕಿತ್ತು ಹಾಕಿದೆ, ಮತ್ತೆ ಕಿತ್ತೆ. ಕಂಪ್ಯೂಟರನ್ನು ಮೂರು ಸಲ ಆರಿಸಿ ಹಚ್ಚಿದೆ. ಕೊನೆಗೆ ವಿಡಿಯೊ ತೋರಿಸುವ ಬೇರೆ ಸಾಫ್ಟ್‌ವೇರ್ ಇಳಿಸಿಕೊಂಡು ಅದರಲ್ಲಿ ತೆರೆದಾಗ "ಅಯ್ಯೋ" ಎಂದಳು ಅಕ್ಕ. ಭಾವ ಕುರ್ಚಿಯ ಕೈ ಹಿಡಿದುಕೊಂಡರು. ನಾನು ಮುಖ ತಿರುಗಿಸಿ ಕಾಫಿ ಮಾಡಲು ಎದ್ದೆ.

ಅಂದಿನಿಂದ ಅದು ವರ್ಷದ ಪದ್ಧತಿಯಾಯಿತು. ಪಂಕ್ತಿ ಬರುವ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುತ್ತಿತ್ತು. ನಾನು ಡಿಸ್ಕು ಹೊರತೆಗೆದು, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಮತ್ತೆ ಹಾಕುತ್ತಿದ್ದೆ. ಭಾವ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಒಂದೇ ಸಲ ಕೇಳುವರು, ಎರಡನೆಯ ಸಲ ಹಾಕಗೊಡುತ್ತಿರಲಿಲ್ಲ. ಆಮೇಲೆ ಕಡುಬು ತಿಂದು, ತೋಟದ ಸುದ್ದಿ ಹೇಳಿ, ಸಂಜೆಯ ಬಸ್ಸಿಗೆ ಹೊರಡುವರು.

ಈಗ ನಿಮ್ಮ ಹತ್ತಿರ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಡಿಸ್ಕನ್ನು ಕಂಪ್ಯೂಟರಿಗೆ ಕಾಪಿ ಮಾಡಿಟ್ಟು ಭಾವನಿಗೂ ಒಂದು ಕೊಡುವುದು ಹತ್ತು ನಿಮಿಷದ ಕೆಲಸ. ಎರಡನೆಯ ವರ್ಷಕ್ಕೇ ಕಲಿತಿದ್ದೆ. ಬೇಕೆಂದೇ ಮಾಡಲಿಲ್ಲ. ಕೊಟ್ಟುಬಿಟ್ಟರೆ ಅವರು ಮತ್ತೆ ಬರುತ್ತಾರೆಯೇ? ಅಕ್ಕನನ್ನು ನನ್ನಷ್ಟೇ ನೆನೆಯುವವರು ಲೋಕದಲ್ಲಿ ಅವರೊಬ್ಬರೇ. ಆ ಒಂದು ದಿನದ ಆಸೆಗೆ ಡಿಸ್ಕನ್ನು ಕಾಪಿಯಿಲ್ಲದೆ ಹಾಗೆಯೇ ಬಿಟ್ಟೆ.

ಹಾಳಾದದ್ದೂ ನನ್ನ ಜಾಣತನದಿಂದಲೇ. ಕರೆಂಟು ಉಳಿಯಲಿ ಎಂದು ಬೀರುವಿಗೆ ಎಲ್‌ಇಡಿ ಬಲ್ಬು ಹಾಕಿದೆ. ಬೆಳಕು ಚೆನ್ನಾಗಿ ಬಂತು, ಕಾವು ಬರಲಿಲ್ಲ. ಆ ಮಳೆಗಾಲವಿಡೀ ಬೀರು ಝಗಝಗ ಬೆಳಗುತ್ತ ತಣ್ಣಗೆ ಕೂತಿತ್ತು. ಹಳೆಯ ಬಲ್ಬನ್ನು ಮತ್ತೆ ಹಾಕಿದ್ದು ಎಲ್ಲ ಹಾಳಾದ ಮೇಲೆ. ಹೋದ ವರ್ಷ ಭಾವ ಬಂದಾಗ ತೆಗೆದು ನೋಡಿದರೆ ಡಿಸ್ಕಿನ ಮೇಲೆಲ್ಲ ಬೂಷ್ಟು. ಒರೆಸಿ ಹಾಕಿದೆ. ಕಂಪ್ಯೂಟರು ಗರಗರ ಸುತ್ತಿ ಹೊರಗೆ ನೂಕಿತು. ಮತ್ತೆ ಹಾಕಿದೆ, ಮತ್ತೆ ನೂಕಿತು.

"ಥಂಡಿ ಹೊಡೆದಿದೆ ಅಷ್ಟೆ. ನಂಗೆ ಕೊಡು, ಒಣಗಿಸಿ ತರ್ತೀನಿ" ಎಂದರು ಭಾವ.

ಒಣಗಿಸುವುದರಲ್ಲಿ ಅವರದು ಎತ್ತಿದ ಕೈ. ಕಾಫಿ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ಇನ್ನೆಷ್ಟು ಬಿಸಿಲು ಬೇಕೆಂದು ಹೇಳುವವರು. ನಾನು ಕೊಟ್ಟೆ. ಅವರು ಅದನ್ನು ಕಣದಲ್ಲಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿಯ ಪಕ್ಕ ಬಿಳಿ ಪಂಚೆ ಹಾಸಿ ಇಟ್ಟು, ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಅರ್ಧ ಗಂಟೆಗೊಮ್ಮೆ ಮಗುಚುತ್ತ ಮೂರು ದಿನ ಬಿಸಿಲು ಕಾಣಿಸಿದರು. ನಾಲ್ಕನೆಯ ದಿನ ಇಷ್ಟು ಸೊಟ್ಟಗಾದದ್ದನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದರು.

"ನಾನೇ ಹಾಳು ಮಾಡ್ದೆನಲ್ಲ" ಎಂದರು. ಆ ಮುಖ ನೋಡಲಾಗಲಿಲ್ಲ.

"ಭಾವ, ತಪ್ಪು ನಂದು. ಎಂದೋ ಕಾಪಿ ಮಾಡಿ ಕೊಡ್ಬೋದಿತ್ತು. ನೀವು ಬರೋದು ನಿಲ್ಲಿಸ್ತೀರಿ ಅಂತ ಮಾಡ್ಲಿಲ್ಲ" ಎಂದು ಹೇಳಿ ಅತ್ತುಬಿಟ್ಟೆ.

ಅವರು ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡರು. "ಗೊತ್ತಿತ್ತಮ್ಮ. ಹತ್ತು ನಿಮಿಷದ ಕೆಲ್ಸ ಅಂತ ಬಸ್ ಸ್ಟ್ಯಾಂಡ್ ಹತ್ರ ಸ್ಟುಡಿಯೋದವ್ರು ಮೊದಲ್ನೇ ವರ್ಷವೇ ಹೇಳಿದ್ರು. ಮಾಡಿಸ್ಕೊಂಡ್ರೆ ಆಮೇಲೆ ನಾನು ಏನ್ ನೆಪ ಹೇಳಿ ಇಲ್ಲಿಗೆ ಬರ್ಲಿ?"

ಹೀಗೆ ನಾವಿಬ್ಬರೂ ಸೇರಿ ಅಕ್ಕನ ದನಿಯನ್ನು ಕಳೆದೆವು. 

ಈ ವರ್ಷ ಹೂಮಳೆ ಬಿತ್ತು, ತೋಟಗಳು ಬೆಳ್ಳಗಾದವು, ಹೂ ಒಣಗಿ ಕಂದೂ ಆಯಿತು. ಭಾವ ಬರಲಿಲ್ಲ. ಬೀರುವಿನ ಮುಂದೆ ಡಿಸ್ಕು ಹಿಡಿದು ನಿಂತವಳು ಸೀರೆ ಮರೆತು ಫೋನು ಮಾಡಿ, ಈ ವರ್ಷ ಯಾಕೆ ಬರಲಿಲ್ಲ ಎಂದು ಕೇಳಿದೆ.

"ಡಿಸ್ಕೇ ಹೋಯ್ತಲ್ಲಮ್ಮ" ಎಂದರು.

"ಅದಕ್ಕೇ ಫೋನ್ ಮಾಡ್ದೆ ಭಾವ. ಅಕ್ಕ ಅದ್ರಲ್ಲಿ 'ನನ್ನನ್ನೇನ್ ತೆಗೀತೀಯ' ಅಂತಾಳಲ್ಲ, ಆಮೇಲೇನ್ ಅಂತಾಳೆ? ನಂಗೆ ಮರ್ತೇ ಹೋಗಿದೆ."

ಹಸಿ ಸುಳ್ಳು. ಅವರಿಗೂ ಗೊತ್ತಾಗಿರಬೇಕು. "ಅದನ್ನೆಲ್ಲ ಫೋನಲ್ಲಿ ಹೇಳಕ್ಕಾಗಲ್ಲ. ನಾಳೆ ಬರ್ತೀನಿ" ಎಂದರು. ಹಿಂದಿನಿಂದ ಹೆಣ್ಣುದನಿಯೊಂದು ಏನೋ ಕೇಳಿತು. ಭಾವ ಮೆಲ್ಲಗೆ ಹೇಳಿದರು: "ಇವ್ಳೂ ಬರ್ತಾಳಂತೆ. ನಿನ್ನಕ್ಕ ಹ್ಯಾಗೆ ಮಾತಾಡ್ತಿದ್ಲು ಅಂತ ಇವ್ಳೂ ಕೇಳ್ಬೇಕಂತೆ."

ಕಡುಬಿನ ಅಕ್ಕಿತರಿಯನ್ನು ಒಂದು ಪಾವು ಹೆಚ್ಚಿಗೆ ಅಳೆದಿಟ್ಟಿದ್ದೇನೆ.