ನಮ್ಮವ್ವ ಮತ್ತು ಸೂರ್ಯನ ಸಿಟ್ಟು

ಮುಳವಾಡದಲ್ಲಿ ನಮ್ಮ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ನನ್ನ ಹೆಸರು ಹೇಳುವುದಿಲ್ಲ. "ಸೂರ್ಯಾನ ನೋಡೋ ರೇವವ್ವನ ಮನಿ ಏನ್ರಿ?" ಎಂದು ತಿರುಗಿ ಕೇಳುತ್ತಾರೆ. ರೇವವ್ವ ನನ್ನ ತಾಯಿ. ಕುರಿ ಕಾಯ್ದು ಬಾಳು ಸವೆಸಿದವಳು. ಅಕ್ಷರ ಬಾರದು, ಆದರೆ ಅವಳ ಬಾಯಿಯ ಮುಂದೆ ವಕೀಲರೂ ನಿಲ್ಲುವುದಿಲ್ಲ. ನನ್ನ ಹೆಂಡತಿ ರಾಜಶ್ರೀ ಊರ ಮಹಿಳಾ ಸಂಘದ ಡ್ರೋನ್ ಹಾರಿಸಿ ಹೊಲಗಳಿಗೆ ಎಣ್ಣೆ ಹೊಡೆಯುತ್ತಾಳೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ನಾನು ಕಾಂತು, ಅವಳ ಹಿಂದೆ ಬ್ಯಾಟರಿ ಹೊರುವವನು. ಮನೆಯಲ್ಲಿ ನನ್ನ ಸ್ಥಾನ ಬ್ಯಾಟರಿಗಿಂತ ಒಂದು ಮೆಟ್ಟಿಲು ಕೆಳಗೆ, ಯಾಕೆಂದರೆ ಬ್ಯಾಟರಿಯನ್ನಾದರೂ ನೆರಳಲ್ಲಿ ಇಡುತ್ತಾರೆ.

ಅವ್ವನ ಬಗ್ಗೆ ಊರಲ್ಲಿ ಒಂದು ಹಳೆಯ ಕತೆಯಿದೆ. ಅವಳು ನನ್ನನ್ನು ಹೆತ್ತದ್ದು ಕುರಿ ಹಿಂಡಿನ ಹಿಂದೆ, ಬಯಲಲ್ಲಿ, ಜಾಲಿ ಗಿಡದ ಕೆಳಗೆ. ಸಂಜೆ ಒಂದು ಕಂಕುಳಲ್ಲಿ ನಾನು, ಇನ್ನೊಂದರಲ್ಲಿ ಅದೇ ದಿನ ಹುಟ್ಟಿದ ಕುರಿಮರಿ, ಹಾಗೆ ಹಟ್ಟಿಗೆ ಬಂದಳಂತೆ. ಅಪ್ಪ ಮೊದಲು ಮರಿಯನ್ನು ಎತ್ತಿಕೊಂಡನಂತೆ. ಈ ಕತೆಯನ್ನು ನಾನು ಹೋದಲ್ಲೆಲ್ಲ ಹೇಳಿ ಎದೆಯುಬ್ಬಿಸಿದ್ದೇನೆ. ಕೇಳಿದವರು "ಭಾಳ ಗಟ್ಟಿ ಹೆಣ್ಮಗಳು ಬಿಡ್ರಿ" ಎಂದು ತಲೆದೂಗಿದ್ದಾರೆ.

ಡ್ರೋನಿಗೂ ಸೂರ್ಯನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ರಾಜಶ್ರೀಗೆ ಅದನ್ನು ತರಬೇತಿಯಲ್ಲಿ ಕಲಿಸಿದ್ದರು. ಸೂರ್ಯನ ಮೇಲೆ ಕಪ್ಪು ಕಲೆಗಳು ಏಳುತ್ತವೆ. ಒಮ್ಮೊಮ್ಮೆ ಅಲ್ಲಿಂದ ಕಾದ ಬಿರುಗಾಳಿಯೊಂದು ಸಿಡಿದು, ಎರಡು ಮೂರು ದಿನ ದಾರಿ ನಡೆದು ಭೂಮಿಯ ಹತ್ತಿರ ಬಂದು, ಭೂಮಿಯ ಅಯಸ್ಕಾಂತವನ್ನೇ ಅಲುಗಾಡಿಸುತ್ತದೆ; ಮೇಲಿನ ಗಾಳಿಯನ್ನು ಕಲಕುತ್ತದೆ. ಡ್ರೋನ್ ತಾನು ಎಲ್ಲಿದ್ದೇನೆ ಎಂದು ತಿಳಿಯುವುದು ಉಪಗ್ರಹಗಳ ಸಿಗ್ನಲ್ಲಿನಿಂದ. ಆ ಸಿಗ್ನಲ್ಲು ಕಲಕಿದ ಗಾಳಿಯಲ್ಲಿ ಬಂದರೆ ಅದಕ್ಕೆ ದಾರಿ ತಪ್ಪುತ್ತದೆ. ಕಲಕಾಟ ಎಷ್ಟಿದೆ ಎಂದು ಫೋನಿನ ಆ್ಯಪಿನಲ್ಲಿ ಬಣ್ಣ ಬರುತ್ತದೆ. ಹಸಿರಾದರೆ ಹಾರಿಸು, ಹಳದಿಯಾದರೆ ಹುಷಾರು, ಕೆಂಪಾದರೆ ಬೇಡ.

ಅವ್ವ ಇದನ್ನೆಲ್ಲ ಕೇಳಿ, "ಅಂದ್ರ ಸೂರ್ಯಾನ ಮೈಮ್ಯಾಲ ಗುಳ್ಳಿ ಎದ್ದಾವು. ಅವಾ ತುರಿಸಿಕೊಂಡ್ರ ನಮ್ಮ ಮಷೀನಿಗಿ ತಲಿ ತಿರಗತೈತಿ. ಇಷ್ಟ ಹೇಳಾಕ ಸೊಸಿನ ಅಷ್ಟ ದೂರ ಕರೆಸಿದ್ರೇನು?" ಎಂದಳು.

ಮೊದಲು ಅವಳು ನಂಬಿರಲಿಲ್ಲ. ಹೋದ ವರ್ಷ ದಸರೆಯಲ್ಲಿ, ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ಹಿಂದಿನ ದಿನ ಡ್ರೋನ್ ಮೇಲಿದ್ದಾಗಲೇ ಬಣ್ಣ ಕೆಂಪಾಯಿತು. ಮಷೀನು ಏನೋ ಮರೆತವರ ಹಾಗೆ ಒಂದು ಗಳಿಗೆ ನಿಂತು, ಮೆಲ್ಲಗೆ ಪಕ್ಕದ ಹಾಜಿಮಲಂಗನ ಉಳ್ಳಾಗಡ್ಡಿ ಹೊಲದ ಕಡೆ ಜಾರತೊಡಗಿತು. ರಾಜಶ್ರೀ ಬೆವರು ಸುರಿಸಿ ಕೈಯಿಂದಲೇ ನಡೆಸಿ ಇಳಿಸಿದಳು. ಅವತ್ತು ಸಂಜೆ ಅವ್ವ ಮಷೀನಿಗೆ ನಿಂಬೆಹಣ್ಣು ಕಟ್ಟಿದಳು. ಮರುದಿನದಿಂದ ಫೋನು ಅವಳದ್ದಾಯಿತು.

ದಿನಾ ಮುಂಜಾನೆ ಸೂರ್ಯ ಹುಟ್ಟುವುದಕ್ಕಿಂತ ಮೊದಲು ಅವಳು ಅವನ ಬಣ್ಣ ನೋಡಿ ಕಟ್ಟೆಯ ಮೇಲಿಂದ ಸಾರುತ್ತಿದ್ದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ನಮ್ಮದು. ಒಬ್ಬ ಎಮ್ಮೆ ಮಾರಲು ಬಣ್ಣ ಕೇಳಿದ. ಇನ್ನೊಬ್ಬ ಮಗನಿಗೆ ಹೆಣ್ಣು ನೋಡಲು ಹೋಗಬಹುದೇ ಎಂದ. "ಹೆಣ್ಣ ನೋಡಾಕ ಹಳದಿ ನಡೀತೈತಿ. ಮಾತುಕತಿಗಿ ಹಸರ ಬೇಕು" ಎಂದು ಅವ್ವ ತೀರ್ಪು ಕೊಟ್ಟಳು.

ರಾಜಶ್ರೀ ಹಣೆ ಚಚ್ಚಿಕೊಂಡಳು. "ಅತ್ತಿ, ಅದು ಡ್ರೋನಿಗಷ್ಟ ರೀ."

"ಡ್ರೋನಿಗಿ ಹತ್ತೋದು ಎಮ್ಮಿಗಿ ಹತ್ತಂಗಿಲ್ಲೇನು?"

ಈ ವರ್ಷ ತೊಗರಿ ಹೂವಿಗೆ ಬಂದಾಗ ರಾಜಶ್ರೀ ಬಸುರಿ, ಮೂರನೇ ತಿಂಗಳು. ಹಿಂದಿನ ಸಲ ಬಸಿರು ನಿಂತಿರಲಿಲ್ಲ. ಆಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡಿದ ದಿನಗಳು ಇನ್ನೂ ನೆನಪಿವೆ. ಎಣ್ಣೆಯ ವಾಸನೆ ಕೂಡ ಸೋಕಬಾರದು ಎಂದು ನರ್ಸಮ್ಮ ಹೇಳಿದ್ದರು. ಆದರೆ ಕಾರಣವನ್ನು ಊರಿಗೆ ಹೇಳುವಂತಿಲ್ಲ. ಕುಬಸ, ಅಂದರೆ ಸೀಮಂತ, ಆಗುವ ತನಕ ಸುದ್ದಿ ಹೊಸ್ತಿಲು ದಾಟಿದರೆ ದೃಷ್ಟಿ ತಾಗುತ್ತದೆ ಎಂದು ಅವ್ವನ ಹೆದರಿಕೆ. ಹೇಳದೆ ಸುಮ್ಮನೆ ಕೂತರೆ ಡ್ರೋನ್ ಹೋಗುತ್ತದೆ. ಗಾಳಿ, ಮಳೆ, ಸೂರ್ಯ, ಈ ಮೂರು ಬಿಟ್ಟು ಬೇರೆ ನೆಪಕ್ಕೆ ಹಾರಿಸದಿದ್ದರೆ ಮಷೀನು ಮುಂದಿನವಳ ಪಾಲು ಎಂದು ಸಂಘದ ಕಟ್ಟಳೆ.

"ನನಗ ಎರಡೂ ಬೇಕ್ರಿ, ಅತ್ತಿ" ಎಂದು ರಾಜಶ್ರೀ ಕಣ್ಣೀರು ಹಾಕಿದಳು.

"ಎರಡೂ ಉಳಸ್ತೇನಿ. ನೀ ಬಾಯಿ ಮುಚಕೊಂಡ ಉಣ್ಣು" ಎಂದಳು ಅವ್ವ.

ಮರುದಿನ ಆ್ಯಪು ಎಳೆ ಕಬ್ಬಿನ ಎಲೆಯಷ್ಟು ಹಸಿರಾಗಿತ್ತು. ಅವ್ವ ಕಟ್ಟೆ ಹತ್ತಿ "ಕೆಂಪ!" ಎಂದು ಕೂಗಿದಳು. ಅದರ ಮರುದಿನವೂ ಕೆಂಪು, ಆಮೇಲೂ ಕೆಂಪು. ಊರಲ್ಲಿ ಎಮ್ಮೆ ವ್ಯಾಪಾರ ನಿಂತಿತು. ಹೆಣ್ಣು ನೋಡಲು ಮನಗೂಳಿಗೆ ಹೊರಟಿದ್ದವರು ಬಸ್ಸಿನಿಂದ ಇಳಿದು ವಾಪಸು ಬಂದರು. ಮೇಲೆ ಸೂರ್ಯ ಮಾತ್ರ ತನ್ನ ಪಾಡಿಗೆ ತಾನು ಬೆಳಗುತ್ತಿದ್ದ, ಪಾಪ, ತನ್ನ ಹೆಸರಲ್ಲಿ ಏನು ನಡೆದಿದೆ ಎಂಬ ಅರಿವಿಲ್ಲದೆ.

ಕೊನೆಗೆ ರಾಚಪ್ಪ ಸಾವಕಾರರು ಬಂದರು. ಊರಲ್ಲೇ ದೊಡ್ಡ ತೊಗರಿ ಹೊಲ ಅವರದು, ಅದಕ್ಕೆ ಕೀಡೆ ಬಿದ್ದಿತ್ತು. ಒಂದು ಕೈಯಲ್ಲಿ ಎಣ್ಣೆಯ ಡಬ್ಬಿ, ಇನ್ನೊಂದರಲ್ಲಿ ಹೊಸ ಫೋನು. ಹಿಂದೆ ಅವರ ಹೆಂಡತಿ ಸಿದ್ದಲಿಂಗವ್ವ. ಸಂಘಕ್ಕೆ ಆಕೆಯೇ ಅಧ್ಯಕ್ಷೆ.

"ಏನ ಬೇ ರೇವವ್ವ, ನಾನೂ ಆ್ಯಪ ಹಾಕಿಸೇನಿ. ನೋಡಿಲ್ಲಿ, ಹಸರ ಐತಿ."

ಅವ್ವ ಆ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನಿಮ್ಮದು ಹೊಸಾ ಫೋನ್ರಿ ಸಾವಕಾರ್ರ. ಅದಕ್ಕಿನ್ನ ಸೂರ್ಯಾನ ಗುರ್ತ ಹತ್ತಿಲ್ಲ."

"ಇಡೀ ಭೂಮಿಗಿ ಒಂದ ಬಣ್ಣ ಬೇ! ಅಮೇರಿಕಾಕ್ಕೂ ಅದ, ಮುಳವಾಡಕ್ಕೂ ಅದ."

"ಅಮೇರಿಕಾದಾಗ ಈಗ ರಾತ್ರಿ ಅಂತಾರ. ಮಲಗಿದ ಸೂರ್ಯಾಗ ಸಿಟ್ಟ ಎಲ್ಲಿಂದ ಬರಬೇಕ್ರಿ?"

ನಾನು ನಗು ತಡೆಯಲಾರದೆ ಬ್ಯಾಟರಿ ಒರೆಸುವ ನೆಪ ಮಾಡಿದೆ. ಸಾವಕಾರರು ಬಾಗಿಲಲ್ಲಿ ನಿಂತಿದ್ದ ರಾಜಶ್ರೀಯ ಕಡೆ ತಿರುಗಿ, "ಲೈಸೆನ್ಸ ನಿಂದು. ನೀನ ಹೇಳವಾ, ಇವತ್ತ ಕೆಂಪೋ ಹಸರೋ?" ಎಂದು ಡಬ್ಬಿ ಹಿಡಿದೇ ಎರಡು ಹೆಜ್ಜೆ ಮುಂದೆ ಬಂದರು.

ಅವಳು ಸುಳ್ಳು ಹೇಳುವವಳಲ್ಲ. ನಿಜ ಹೇಳಲು ಬಾಯಿ ತೆರೆದಳೋ ಏನೋ, ಅಷ್ಟರಲ್ಲಿ ಡಬ್ಬಿಯ ವಾಸನೆ ಮೂಗಿಗೆ ಹೊಡೆದು, ಸೆರಗು ಬಾಯಿಗೊತ್ತಿ ಹಿತ್ತಲಿಗೆ ಓಡಿದಳು. ಅಲ್ಲಿಂದ ವಾಂತಿಯ ಸದ್ದು ಕೇಳಿಸಿತು. ಅವ್ವ ಎದ್ದು ಬಾಗಿಲಿಗೆ ಅಡ್ಡ ನಿಂತಳು. ಮುಗಿಯಿತು, ಮಷೀನೂ ಹೋಯಿತು, ಗುಟ್ಟೂ ಹೋಯಿತು ಎಂದುಕೊಂಡೆ.

ಸಿದ್ದಲಿಂಗವ್ವ ಹಿತ್ತಲ ಕಡೆ ನೋಡಿದರು, ಅವ್ವನನ್ನು ನೋಡಿದರು. ಗಂಡನ ಕೈಯಿಂದ ಡಬ್ಬಿ ಕಸಿದುಕೊಂಡು ಹೋಗಿ ಬೀದಿಯ ಆಚೆ ಇಟ್ಟುಬಂದರು. ಆಮೇಲೆ ಫೋನು ಇಸಿದುಕೊಂಡು ತೋಳುದ್ದ ದೂರ ಹಿಡಿದು ನೋಡಿದರು.

"ಕೆಂಪ ಐತ್ರಿ."

"ಏ, ಕಣ್ಣ ಅದಾವೋ ಇಲ್ಲೋ ನಿನಗ? ಹಚ್ಚಗ ಹಸರ ಐತಿ!"

"ಕಣ್ಣ ತೋರಸ್ಕೋಬೇಕಾದವ್ರು ನೀವು. ಕೆಂಪ ಐತಿ, ಬ್ಯಾಸಗಿ ಕಳಿಯೂತನಾ ಕೆಂಪ ಇರತೈತಿ. ಅಲ್ಲೀತನಾ ನಮ್ಮ ಸಂಘದ ಅಫ್ರೋಜ ಹಾರಸ್ಲಿ, ಅಕಿನೂ ಕಲತಾಳ. ಮಷೀನ ಮಾತ್ರ ಇದ ಮನ್ಯಾಗ ಇರಬೇಕು. ರಾಜಶ್ರೀ ಮನ್ಯಾಗ ಕುಂತು ದಿನಾ ಬಣ್ಣ ನೋಡಿ ಹೇಳ್ಲಿ."

"ಅಲ್ಲ, ಅಫ್ರೋಜಗ ಈ ಸೂರ್ಯಾ ಏನೂ ಮಾಡಂಗಿಲ್ಲೇನು?"

"ಅಕಿ ಮೂರ ಹಡದಾಳ್ರಿ. ಅಕಿ ಮುಂದ ಸೂರ್ಯಾಂದೇನ ನಡೀತೈತಿ? ನಡೀರಿ ಮನಿಗಿ."

ಸಾವಕಾರರು ದಾರಿಯುದ್ದಕ್ಕೂ ಫೋನನ್ನು ಒರೆಸಿ ಒರೆಸಿ ನೋಡುತ್ತಾ ಹೋದರು. ಸಂಜೆಯೊಳಗೆ ಓಣಿಯ ಹೆಂಗಸರಿಗೆಲ್ಲ ಸೂರ್ಯ ಕೆಂಪಾಗಿ ಕಾಣತೊಡಗಿದ. ಒಬ್ಬಳು ಉಪ್ಪಿನಕಾಯಿ ತಂದಳು, ಇನ್ನೊಬ್ಬಳು ಹುಣಸೆಕಾಯಿ. "ಸೂರ್ಯಾ ಸರಿ ಇಲ್ಲಂತಲ್ಲ, ರಾಜಶ್ರೀಗಿ ಕೊಡ್ರಿ" ಎಂದು ಇಟ್ಟುಹೋದರು. ಗುಟ್ಟು ಗುಟ್ಟಾಗಿ ಉಳಿದದ್ದು ಗಂಡಸರಿಗೆ ಮಾತ್ರ.

ಹೊತ್ತು ಮುಳುಗುವಾಗ ಅವ್ವ ಕಟ್ಟೆಯ ಮೇಲೆ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ನಾನು ನಗುತ್ತಾ, "ಯವ್ವಾ, ಬಾಯಿಲ್ಲದ ಸೂರ್ಯಾನ ಮ್ಯಾಲ ಎಷ್ಟರ ಸುಳ್ಳ ಹೇಳ್ತಿ ಬೇ?" ಎಂದೆ.

ಅವಳು ಸೊಪ್ಪಿನಿಂದ ತಲೆಯೆತ್ತಲಿಲ್ಲ. "ನಿನ್ನ ಹೊತ್ತಾಗ ದಿನಾ ಮುಂಜಾನಿ ಮ್ಯಾಲ ನೋಡತಿದ್ದೆ. ಮಾಡ ಆಗೈತೇನು, ಮಳಿ ಬರತೈತೇನು, ಒಂದ ದಿನಾರ ಕುರಿ ಬಿಟ್ಟ ಮನ್ಯಾಗ ಮಲಗಬಹುದೇನು ಅಂತ. ನನ್ನ ಕಾಲಕ್ಕ ಸೂರ್ಯಾಗ ಒಂದ ದಿನಾನೂ ಸಿಟ್ಟ ಬರಲಿಲ್ಲ ನೋಡೋ, ಕಾಂತ್ಯಾ."

ನನಗೆ ನಗು ನಿಂತುಹೋಯಿತು. ಜಾಲಿ ಗಿಡದ ಆ ಕತೆಯನ್ನು ಆಮೇಲೆ ನಾನು ಎಲ್ಲಿಯೂ ಹೇಳಿಲ್ಲ.

ಮರುದಿನ ಅವ್ವನಿಗಿಂತ ಮೊದಲು ಎದ್ದು ಫೋನು ತೆಗೆದುಕೊಂಡೆ. ಹಚ್ಚ ಹಸಿರು. ಒಲೆ ಹಚ್ಚಿ, ಜೋಳದ ಹಿಟ್ಟು ಕಲಸಿ, ಮೊದಲ ರೊಟ್ಟಿಯನ್ನು ತಟ್ಟಲು ಬಾರದೆ ಮೂರು ತುಂಡು ಮಾಡಿ ಹಾಗೆಯೇ ಹಂಚಿನ ಮೇಲೆ ಹಾಕಿದೆ. ಅವ್ವ ಸದ್ದಿಗೆ ಕಣ್ಣು ಬಿಟ್ಟು ಏಳಹೋದಳು.

"ಏಳಬ್ಯಾಡ ಬೇ. ಇವತ್ತ ಕೆಂಪ ಐತಿ" ಎಂದೆ.

ಅವಳು ನಾನು ಎತ್ತಿ ತೋರಿಸಿದ ಫೋನನ್ನು ನೋಡಲಿಲ್ಲ, ಹಂಚಿನ ಮೇಲಿದ್ದ ರೊಟ್ಟಿಯನ್ನು ನೋಡಿದಳು. ಆಮೇಲೆ ಕೌದಿ ಎಳೆದುಕೊಂಡು ಮತ್ತೆ ಮಲಗಿದಳು.